ಕುಬಸದ ಬುತ್ತಿಯ ಖಟ್ಲೆ

ನನ್ನ ಮೊದಲ ಬಸಿರಿನ ಕುಬಸಕ್ಕೆಂದು ತವರಿನಿಂದ ಹೊರಟ ಬುತ್ತಿಯನ್ನು ಸರಕಾರ ಜಪ್ತು ಮಾಡಿತು. ಈಗ ಹೇಳಿದರೆ ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಗಲಿ, ಅವರಿಗೇನು? ಆ ದಿನ ನಾನು ನಕ್ಕಿರಲಿಲ್ಲ. ಹಸಿರು ಸೀರೆ ಉಟ್ಟು, ಕೈತುಂಬ ಹಸಿರು ಬಳೆ ಇಟ್ಟುಕೊಂಡು, ಬೆಟಗೇರಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಲಕ್ಷ್ಮೇಶ್ವರದ ಗಾಡಿಯ ದಾರಿ ನೋಡುತ್ತಿದ್ದೆ. ಓಣಿಯ ಮಗ್ಗಗಳ ಸದ್ದು ನಿಂತು, ನೇಯುವವರು ಕೈಕಾಲು ತೊಳೆಯುವ ಹೊತ್ತಿಗೆ ಅವ್ವ ಬಂದಳು. ಗಾಡಿ ಇಲ್ಲ, ಬುಟ್ಟಿ ಇಲ್ಲ. ಕಾಲ ತುಂಬ ಧೂಳು, ಮುಖದಲ್ಲಿ ಕೆಂಡ.

"ನಿನ್ನ ಬುತ್ತಿ ನಾಕಾದಾಗ ಹಿಡದ್ರು ನನ್ನವ್ವಾ," ಎಂದವಳೇ ಕಟ್ಟೆಯ ಮೇಲೆ ಕುಸಿದು ಕೂತಳು. ಒಂದು ತಂಬಿಗೆ ನೀರು ಕುಡಿದ ಮೇಲೆ ನಾಕಾದವನ ಏಳು ತಲೆಮಾರನ್ನು ಹೆಕ್ಕಿ ಹೆಕ್ಕಿ ಬೈದಳು. ಬೈಗುಳದಲ್ಲಿ ಅವ್ವನನ್ನು ಮೀರಿಸುವವರು ಲಕ್ಷ್ಮೇಶ್ವರದಲ್ಲಿ ಇರಲಿಲ್ಲ. ಆ ವಿದ್ಯೆ ಸ್ವಲ್ಪ ನನಗೂ ಬಂದಿದೆ ಎಂದು ನನ್ನ ಯಜಮಾನರು ಹೇಳುತ್ತಿದ್ದರು.

ಬುತ್ತಿ ಎಂದರೆ ಡಬ್ಬಿಯ ಊಟ ಎಂದುಕೊಂಡವರಿಗಾಗಿ ಹೇಳಬೇಕು. ಬಸುರಿ ಮಗಳಿಗೆಂದು ತವರಿನವರು ಬುಟ್ಟಿಗಟ್ಟಲೆ ತಿನಿಸು ಮಾಡಿಕೊಂಡು ಬೀಗರ ಮನೆಗೆ ಬರುತ್ತಾರೆ. ಓಣಿಗೆಲ್ಲ ಹಂಚಿ, ಮಗಳಿಗೆ ಹೊಸ ಕುಬಸ, ಅಂದರೆ ರವಿಕೆ, ತೊಡಿಸಿ, ಉಡಿ ತುಂಬಿ, ಬಂದ ಗಾಡಿಯಲ್ಲೇ ಅವಳನ್ನು ಹೆರಿಗೆಗೆ ಕರೆದೊಯ್ಯುತ್ತಾರೆ. ಆದರೆ ಅದು ಕಂಟ್ರೋಲಿನ ಕಾಲ. ಪರವಾನಿಗೆ ಇಲ್ಲದೆ ಒಂದು ಸೇರು ಜೋಳವನ್ನೂ ಊರಿಂದ ಊರಿಗೆ ಒಯ್ಯುವಂತಿರಲಿಲ್ಲ. ರೇಷನ್ ಅಂಗಡಿಯ ಜೋಳದಲ್ಲಿ ಜೋಳಕ್ಕಿಂತ ಹರಳೇ ಹೆಚ್ಚು. ಅದಕ್ಕೇ ಅವ್ವ ತನ್ನ ಓಣಿಯ ಹೆಂಗಸರನ್ನೆಲ್ಲ ಕೂಡಿಸಿ, ಒಲೆ ಆರಗೊಡದೆ ಖಡಕ್ ರೊಟ್ಟಿ ಬಡಿದಿದ್ದಳು. ಖಡಕ್ ರೊಟ್ಟಿ ಒಣಗಿಸಿ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ; ಬೀಗರ ಮನೆಯಲ್ಲಿ ಯಾರೂ ಹಸಿದಿರಬಾರದು ಎಂಬ ಹಟ ಅವಳದು. ಅದರ ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಮಾದಲಿ, ಮತ್ತು ನನ್ನ ಪ್ರಾಣವಾದ ಶೇಂಗಾ ಹೋಳಿಗೆ.

ಇನ್ನು ಆ ನಾಕಾದ ಸುದ್ದಿ. ನಾನು ಹುಟ್ಟಿ ಬೆಳೆದ ಲಕ್ಷ್ಮೇಶ್ವರ ಒಬ್ಬ ರಾಜನದು, ಪಕ್ಕದ ಶಿರಹಟ್ಟಿ ಇನ್ನೊಬ್ಬನದು, ಅದನ್ನು ದಾಟಿದರೆ ಗದಗು ಮತ್ತು ಅದಕ್ಕೆ ಅಂಟಿಕೊಂಡ ಬೆಟಗೇರಿ ಇಂಗ್ಲಿಷರದು. ಒಂದು ಹಗಲಿನ ಗಾಡಿ ಹಾದಿಯಲ್ಲಿ ಮೂರು ರಾಜ್ಯ! ಶಿರಹಟ್ಟಿ ಬಿಟ್ಟು ಗದಗಿನ ಕಡೆ ಬರುವಾಗ ಬೇವಿನ ಮರದ ಬುಡದಲ್ಲಿ ಒಂದು ಕಲ್ಲು ನೆಟ್ಟಿತ್ತು. ಸಂಸ್ಥಾನದ ಹದ್ದು ಅಲ್ಲಿಗೆ ಮುಗಿಯುತ್ತಿತ್ತು. ಸ್ವಾತಂತ್ರ್ಯ ಬಂತು, ಸಂಸ್ಥಾನಗಳು ಕರಗಿ ಮುಂಬಯಿ ಪ್ರಾಂತಕ್ಕೆ ಸೇರಿದವು, ನಾವೆಲ್ಲ ಒಂದೇ ಧಾರವಾಡ ಜಿಲ್ಲೆಯವರಾದೆವು. ಆದರೆ ಕಲ್ಲು ಹೋಗಲಿಲ್ಲ, ಕಲ್ಲಿನ ಪಕ್ಕದ ಸುಂಕದ ನಾಕಾ ಹೋಗಲಿಲ್ಲ, ನಾಕಾದಲ್ಲಿ ಕೂತಿದ್ದ ಮನುಷ್ಯನೂ ಹೋಗಲಿಲ್ಲ. ಮೊದಲು ರಾಜನ ಪಗಾರ ತಿಂದು ಸುಂಕ ವಸೂಲು ಮಾಡುತ್ತಿದ್ದವನು ಈಗ ಸರಕಾರದ ಪಗಾರ ತಿಂದು ಜೋಳ ಕಾಯುತ್ತಿದ್ದ.

ನಮ್ಮ ಹೆಂಗಸರ ಮನಸ್ಸಿನಿಂದಲೂ ಆ ಹದ್ದು ಅಳಿಸಿರಲಿಲ್ಲ. ಬಸುರಿಯ ಬುತ್ತಿ ಸೀಮೆ ದಾಟುವಾಗ ದೃಷ್ಟಿಯಾಗಬಾರದೆಂದು ಗಾಡಿ ನಿಲ್ಲಿಸಿ, ಕಲ್ಲಿಗೆ ಅರಿಷಿಣ ಕುಂಕುಮ ಹಚ್ಚಿ, ರೊಟ್ಟಿಯ ಮೇಲೆ ಚಟ್ನಿ ಇಟ್ಟು ಎಡೆ ಹಿಡಿದು, ಅದನ್ನು ಅಲ್ಲೇ ಬಿಟ್ಟು ಮುಂದೆ ಹೋಗಬೇಕು. ಗಾಡಿ ಮರೆಯಾದ ಮೇಲೆ ಆ ಎಡೆಯನ್ನು ನಾಕಾದವನು ಎತ್ತಿ ತಿನ್ನುತ್ತಾನೆಂಬುದು ಎಲ್ಲರಿಗೂ ಗೊತ್ತು. ದೇವರಿಗೂ ಮುಟ್ಟಿತು, ಅವನ ಹೊಟ್ಟೆಗೂ ಮುಟ್ಟಿತು. ಅವ್ವ ಅವನಿಗೆಂದೇ ಚಟ್ನಿಯ ಮೇಲೆ ಬೆಣ್ಣೆ ಇಡುತ್ತಿದ್ದಳು.

ಆ ದಿನವೂ ಗಾಡಿ ನಿಲ್ಲಿಸಿ ಇಳಿದಿದ್ದಾಳೆ. ಸುಮ್ಮನೆ ಹೋಗಿಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ, ಏಕೆಂದರೆ ನಾಕಾದವನು ಒಳಗೆ ಚಹಾ ಕಾಯಿಸುತ್ತಿದ್ದನಂತೆ. ಆದರೆ ಅದೇ ದಿನ ಧಾನ್ಯದ ಖಾತೆಯ ಹೊಸ ಸಾಹೇಬ ತಪಾಸಣೆಗೆ ಬಂದಿದ್ದ. ಕಲ್ಲಿನ ಮುಂದೆ ಕೂತು ಕೈಮುಗಿಯುತ್ತಿದ್ದ ಅವ್ವ, ಹಿಂದೆ ಬುಟ್ಟಿ ತುಂಬಿದ ಗಾಡಿ, ಇಷ್ಟು ಅವನ ಕಣ್ಣಿಗೆ ಬಿತ್ತು.

"ಬುಟ್ಟ್ಯಾಗ ಏನೈತಿ?"

"ರೊಟ್ಟಿ ಅದಾವ್ರಿ. ಮಗಳ ಬುತ್ತಿ."

"ರೊಟ್ಟಿ ಏನ್ ಆಕಾಶದಿಂದ ಬಿದ್ದಾವ? ಜೋಳದ್ದಲ್ಲೇನು?"

ನಾಕಾದವನು ಪಾಪ, ನೌಕರಿಯ ಭಯಕ್ಕೆ ಅವ್ವನ ಮುಖ ನೋಡದೆ ಪಂಚನಾಮೆ ಬರೆದ. ಗಾಡಿ, ಎತ್ತು, ಬುಟ್ಟಿ ಎಲ್ಲ ಜಪ್ತು; ಅವ್ವನ ಮೇಲೆ ಕೋರ್ಟಿನಲ್ಲಿ ಖಟ್ಲೆ. ಜೊತೆಗೆ ಬಂದಿದ್ದ ಮುತ್ತೈದೆಯರನ್ನು ಅವ್ವ ಅಲ್ಲಿಂದಲೇ ಊರಿಗೆ ತಿರುಗಿ ಕಳಿಸಿ, ಯಾರದೋ ಹೊಟ್ಟಿನ ಗಾಡಿ ಹತ್ತಿ ಅರ್ಧ ದಾರಿ, ನಡೆದು ಅರ್ಧ ದಾರಿ ಬಂದಿದ್ದಳು. ಅಪ್ಪ ಬಂದಿರಲಿಲ್ಲ. ಗುಡಿಯ ಪೂಜೆ ಆ ತಿಂಗಳು ನಮ್ಮ ಮನೆಯ ಪಾಳಿ. ಪಾಳಿ ಬಿಟ್ಟು ಅವನು ಊರ ಅಗಸೆ ಬಾಗಿಲು ದಾಟುವವನಲ್ಲ.

ಇಷ್ಟನ್ನೂ ನನ್ನ ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು. ಅತ್ತೆ ಮುಂಡರಗಿಯ ಹೆಣ್ಣುಮಗಳು. ಮಾತು ಕಡಿಮೆ, ಆಡಿದರೆ ಅದು ಗೋಡೆಗೆ ಹೊಡೆದ ಗೂಟ. ಅವ್ವನಿಗೆ ಊಟ ಬಡಿಸಿದರು, ಹಾಸಿಕೊಟ್ಟರು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಬೆಳಿಗ್ಗೆ ಅವ್ವ "ಬುತ್ತಿ ಹ್ವಾದ್ರ ಹೋತು, ಮಗಳನ್ನರ ಕರಕೊಂಡ ಹೊಕ್ಕೀನ್ರಿ," ಎಂದಾಗ ಗೂಟ ಹೊಡೆದರು.

"ಗುನ್ಹೇದ ಮನಿಯೊಳಗ ಬಾಣಂತನ ಬ್ಯಾಡ್ರಿ. ಮೊದಲ ಖಟ್ಲೆ ತೀರಲಿ. ನಿಮ್ಮ ಮ್ಯಾಲ ಗುನ್ಹೇ ಬಂತಂದ್ರ ಇಲ್ಲೇ ಹಡೀಲಿ."

ಲಕ್ಷ್ಮೇಶ್ವರದ ನಮ್ಮ ಓಣಿಯ ಅರ್ಧ ಮಕ್ಕಳನ್ನು ಈ ಲೋಕಕ್ಕೆ ಬರುವಾಗ ಹಿಡಿದುಕೊಂಡದ್ದು ಅವ್ವನ ಕೈ. ಹೆರಿಗೆ ಎಂದರೆ ನನಗೆ ಹುಲಿಯ ಭಯ. ಆ ಕೈ ಹತ್ತಿರ ಇದ್ದರೆ ಮಾತ್ರ ಬದುಕುತ್ತೇನೆಂದು ನಾನು ಗಟ್ಟಿಯಾಗಿ ನಂಬಿದ್ದೆ. ನನ್ನ ಯಜಮಾನರು ಶಾಲೆಯ ಮಾಸ್ತರು. ಇಡೀ ವರ್ಗವನ್ನು ಒಂದು ಕೆಮ್ಮಿಗೆ ಸುಮ್ಮನಾಗಿಸುವವರು, ತಾಯಿಯ ಎದುರು ಮಾತ್ರ ಮೂಗಬಸವ. "ನಮ್ಮವ್ವ ಹೇಳ್ಯಾಳಲ್ಲ..." ಎಂದು ಕಿಟಕಿಯ ಕಡೆ ನೋಡಿದರು. ಆ ಕಿಟಕಿಯಿಂದಲೇ ಅವರನ್ನು ಹೊರಗೆ ಎಸೆಯಬೇಕೆನ್ನಿಸಿತು.

ಅವತ್ತಿನಿಂದ ಓಣಿಯವರದೆಲ್ಲ ಒಂದೇ ಬುದ್ಧಿವಾದ. "ಒಪ್ಕೊಂಡ್ ಬಿಡ್ರಿ. ಏನೋ ಒಂದಿಷ್ಟು ದಂಡ ಹಾಕ್ತಾರ, ಕಟ್ಟಿ ಮನಿಗೆ ಹೋಗ್ರಿ. ಕೋರ್ಟಿಗೆ ಹೋಗಿ ಗೆದ್ದಾಂವ ಸೋತ, ಸೋತಾಂವ ಸತ್ತ." ನೇಕಾರರು ಹೇಳಿದರು, ಕಿರಾಣಿ ಅಂಗಡಿಯವನು ಹೇಳಿದ, ಬಳೆಗಾರ್ತಿಯೂ ಹೇಳಿದಳು. ಒಪ್ಪಿಕೊಂಡರೆ ಅತ್ತೆಯ ಲೆಕ್ಕದಲ್ಲಿ ಅವ್ವ ಗುನ್ಹೇಗಾರ್ತಿ, ಅಂದರೆ ಅಪರಾಧಿ, ನಾನು ಇಲ್ಲೇ ಹಡೆಯಬೇಕು. ಒಪ್ಪದಿದ್ದರೆ ಖಟ್ಲೆ ಎಳೆದಾಡಿ ಅಷ್ಟರಲ್ಲಿ ನನ್ನ ದಿನವೇ ತುಂಬಿಬಿಡಬಹುದು. ಅತ್ತ ದರಿ, ಇತ್ತ ಪುಲಿ.

ಅವ್ವ ಮಾತ್ರ ಅಲುಗಲಿಲ್ಲ. "ಒಪ್ಕೋ ಒಪ್ಕೋ ಅಂತೀರಲ್ಲ, ಏನಂತ ಒಪ್ಕೊಳ್ಳಿ? ನಾ ಏನ್ ಮಾಡೇನಿ ಅಂತ ನೆಟ್ಟಗ ಒಬ್ರರ ಹೇಳ್ರಿ. ಮಾಡಿದ್ರ ನಾನ ಒಪ್ತೀನಿ, ಕೈ ಮುಗದು ಒಪ್ತೀನಿ. ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅಂದಂಗಾತಿದು."

ಯಜಮಾನರ ಪರಿಚಯದ ಒಬ್ಬ ವಕೀಲರು ಗದಗಿನಲ್ಲಿದ್ದರು. ಕಾಯಂ ತಾಂಬೂಲ, ಕಾಯಂ ಸೈಕಲ್ಲು. ಕನ್ನಡ ನಾಡು ಒಂದಾಗಬೇಕೆಂದು ಸಭೆಗಳಲ್ಲಿ ಕೂಗಿ ಕೂಗಿ ಅವರ ಗಂಟಲು ಸದಾ ಒಡೆದಿರುತ್ತಿತ್ತು. ಕಾಗದ ತರಿಸಿ ಓದಿ, ತೊಡೆ ತಟ್ಟಿಕೊಂಡು ನಕ್ಕರು. ಆರೋಪ ಹೀಗಿತ್ತು: ಈ ಹೆಣ್ಣುಮಗಳು ಸಂಸ್ಥಾನದ ಹದ್ದು ದಾಟಿ ಪರವಾನಿಗೆ ಇಲ್ಲದೆ ಜೋಳ ಒಯ್ದಿದ್ದಾಳೆ.

"ಯಾವ ಸಂಸ್ಥಾನರಿ? ಸಂಸ್ಥಾನ ಎಲ್ಲೈತಿ?" ವಕೀಲರು ಕುಣಿದರು. "ಜೋಳ ಎಲ್ಲೈತಿ? ಇದ್ದದ್ದು ರೊಟ್ಟಿ. ನೋಡ್ರಿ ತಾಯಿ, ಒಬ್ರ ಮ್ಯಾಲ ಆರೋಪ ಹೊರಸಬೇಕಾದ್ರ ಏನು, ಎಲ್ಲಿ, ಯಾವಾಗ ಅಂತ ಅವರಿಗೆ ತಿಳಿಯೂಹಂಗ ಹೇಳಬೇಕು. ಇಲ್ಲಂದ್ರ ಅವರು ಯಾತಕ್ಕಂತ ಉತ್ತರ ಕೊಡಬೇಕು? ಇದು ಅಡ್ಡಗ್ವಾಡಿ ಮ್ಯಾಲ ದೀಪ ಇಟ್ಟಂಗೈತಿ. ಇನ್ನ ಒಂದ ಮಾತು. ಕೋರ್ಟಿನ್ಯಾಗ ನೀವು ಸುಮ್ಮನ ಇರಬೇಕು. ಈಗ ನಮ್ಮದ ಸಂವಿಧಾನ ಬಂದೈತಿ. ತನ್ನ ವಿರುದ್ಧ ತಾನ ಸಾಕ್ಷಿ ಹೇಳು ಅಂತ ಆರೋಪಿನ್ನ ಯಾರೂ ಒತ್ತಾಯ ಮಾಡಂಗಿಲ್ಲ."

"ಒತ್ತಾಯ ಯಾಕ ಮಾಡ್ತಾರ್ರಿ? ಕೇಳಿದ್ರ ನಾನ ಹೇಳ್ತೀನಿ."

"ಹೇಳಬ್ಯಾಡ್ರಿ! ಹದ್ದು ಇಲ್ಲ ಅಂತ ನಾ ವಾದ ಮಾಡಾಂವ ಇದ್ದೀನಿ."

"ಹದ್ದು ಇಲ್ಲಂದ್ರ ಹೆಂಗ? ಕಲ್ಲು ಐತಿ. ನಾ ಎಡಿ ಹಿಡಿದೇನಿ. ಎಡಿ ಹಿಡದ ಬಾಯಿಲೆ ಹದ್ದು ಇಲ್ಲ ಅನ್ನಲೇನು?"

ವಕೀಲರು ನನ್ನ ಮುಖ ನೋಡಿದರು. ನಾನೇನು ಮಾಡಲಿ? ಮದುವೆಯಾದಂದಿನಿಂದ ಅವಳನ್ನು ಸುಮ್ಮನಿರಿಸಲು ಅಪ್ಪನಿಗೇ ಆಗಿರಲಿಲ್ಲ.

ಖಟ್ಲೆಯ ದಿನ ನಾನೂ ಹೊರಟೆ. ಬಸುರಿ ಕೋರ್ಟಿನ ಮೆಟ್ಟಿಲು ಹತ್ತಬಾರದೆಂದು ಎಲ್ಲರೂ ಅಡ್ಡ ಬಂದರು. "ಹೊಟ್ಟ್ಯಾಗಿನ ಕೂಸಿನ ಸಲುವಾಗೇ ಈ ಖಟ್ಲೆ. ಅದೂ ಕೇಳ್ಲಿ," ಎಂದೆ. ಅತ್ತೆ ಸೆರಗು ಹೊದ್ದು ತಾವೂ ಟಾಂಗಾ ಹತ್ತಿದರು.

ಮ್ಯಾಜಿಸ್ಟ್ರೇಟರು ಬಡಕಲು ದೇಹದ, ದಪ್ಪ ಕನ್ನಡಕದ ಮನುಷ್ಯರು. ಆರೋಪವನ್ನು ಕನ್ನಡದಲ್ಲಿ ಓದಿ ಹೇಳಿ, "ತಿಳೀತೇನ್ ತಾಯಿ? ತಪ್ಪು ಒಪ್ತೀರೋ ಇಲ್ಲೋ?" ಎಂದರು.

"ತಿಳೀಲಿಲ್ರಿ ಸಾಹೇಬ್ರ," ಎಂದಳು ಅವ್ವ. "ಜೋಳ ಅಂತ ಓದಿದ್ರಿ. ನಾ ಒಯ್ದಿದ್ದು ರೊಟ್ಟಿ. ಒಪ್ಪಿದ್ರ ಒಯ್ಯದ ಜೋಳ ಒಯ್ದಂಗಾತು, ಇಲ್ಲಂದ್ರ ಒಯ್ದ ರೊಟ್ಟಿನೂ ಇಲ್ಲ ಅಂದಂಗಾತು. ಎರಡೂ ಸುಳ್ಳ. ನಾ ಯಾವ ಸುಳ್ಳು ಹೇಳ್ಲಿ?"

ಕೋರ್ಟಿನಲ್ಲಿ ಗುಜುಗುಜು ಎದ್ದಿತು. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಒರೆಸಿ, ಸರಕಾರಿ ವಕೀಲರ ಕಡೆ ತಿರುಗಿದರು. "ಜಪ್ತಾಗಿದ್ದೇನು? ಈ ಸಂಸ್ಥಾನ ಅಂದ್ರ ಯಾವುದು?" ಸರಕಾರಿ ವಕೀಲರು ಹಿಂದೆ ನಿಂತಿದ್ದ ನಾಕಾದವನ ಕಡೆ ತಿರುಗಿದರು. ಅವನ ಹಿಂದೆ ಗೋಡೆ ಬಿಟ್ಟು ಬೇರೆ ಯಾರೂ ಇರಲಿಲ್ಲ.

"ಅದರಿ... ಮೊದಲ ಇತ್ತಲ್ರಿ, ಅದರಿ," ಎಂದು ತೊದಲಿದ. "ಇಷ್ಟು ವರ್ಷ ಹಂಗ ಬರಕೋತ ಬಂದೇನ್ರಿ. ಕೈ ರೂಢಿರಿ ಸಾಹೇಬ್ರ."

ನಗು ಸಿಡಿಯಿತು. ನಮ್ಮ ವಕೀಲರು ಎದ್ದು ನಿಂತು ಒಡೆದ ಗಂಟಲಿನಲ್ಲಿ ಶುರುಮಾಡಿದರು: ಇಲ್ಲದ ಸಂಸ್ಥಾನದ ಇಲ್ಲದ ಹದ್ದನ್ನು ಯಾರೂ ದಾಟಲು ಬರುವುದಿಲ್ಲ, ಇಂಥ ಆರೋಪಕ್ಕೆ ಯಾವ ಮನುಷ್ಯನೂ ತನ್ನ ರಕ್ಷಣೆ ಮಾಡಿಕೊಳ್ಳಲಾರ, ಎಂದು. ಚಂದಾಗಿಯೇ ಸಾಗಿತ್ತು. ಅಷ್ಟರಲ್ಲಿ ಅವ್ವ ಕಟಕಟೆಯಿಂದ ಕೈ ಎತ್ತಿದಳು.

"ಸಾಹೇಬ್ರ, ಹದ್ದಿಂದು ನಾ ಹೇಳ್ತೀನ್ರಿ. ಹದ್ದು..."

ವಕೀಲರು ಹಣೆಯ ಮೇಲೆ ಕೈ ಇಟ್ಟುಕೊಂಡರು. ಸರಕಾರಿ ವಕೀಲರು ಮುಂದೆ ಬಾಗಿ, "ಹೇಳ್ರಿ, ಹೇಳ್ರಿ," ಎಂದರು, ಮುಖ ಅರಳಿಸಿಕೊಂಡು.

ಆಗ ಮ್ಯಾಜಿಸ್ಟ್ರೇಟರು ಕೈಯಲ್ಲಿದ್ದ ಟಾಕನ್ನು, ಆ ಮಸಿಯ ಪೆನ್ನನ್ನು, ಮೇಜಿನ ಮೇಲೆ ಇಟ್ಟುಬಿಟ್ಟರು. ಇಟ್ಟು, ಎರಡೂ ಕೈ ಕಟ್ಟಿ ಕೂತರು. "ತಾಯಿ, ಸ್ವಲ್ಪ ತಡೀರಿ. ನಿಮ್ಮ ಮ್ಯಾಲಿನ ಆರೋಪನ ನೆಟ್ಟಗಿಲ್ಲ. ನೆಟ್ಟಗಿಲ್ಲದ ಆರೋಪಕ್ಕ ನೀವು ಏನ್ ಹೇಳಿದ್ರೂ ನಾ ಬರಕೊಳ್ಳಾಂವಲ್ಲ. ಮೊದಲ ಅವರು ಏನು, ಎಲ್ಲಿ ಅಂತ ಸರಿಯಾಗಿ ಹೇಳ್ಲಿ. ಆಮ್ಯಾಲ ನೀವು ಬೇಕಾದ್ರ ಹೇಳ್ರಿ, ಬ್ಯಾಡಾದ್ರ ಬಿಡ್ರಿ. ಹೇಳಲಿಲ್ಲಂತ ಯಾರೂ ನಿಮಗ ಏನೂ ಅನ್ನಂಗಿಲ್ಲ."

ನನಗೆ ಆ ಮನುಷ್ಯನ ಕಾಲಿಗೆ ಬೀಳಬೇಕೆನ್ನಿಸಿತು. ಅವ್ವ ತನ್ನ ಬಾಯಿಂದ ತಾನೇ ಕೆಡುವುದನ್ನು ಅವರು ತಡೆದರು. ಅಷ್ಟು ವರ್ಷ ಸರಕಾರ ಎಂದರೆ ನಮಗೆ ಖಾಕಿ ಬಟ್ಟೆ, ಜಪ್ತಿ, ದಂಡ. ಸರಕಾರದ ಕುರ್ಚಿಯಲ್ಲಿ ಕೂತು ಬಡವರ ಮಾತನ್ನು ಅವರ ಮೇಲೇ ತಿರುಗಿಸದ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು. ಅವ್ವನೂ ತೆರೆದ ಬಾಯಿ ಮುಚ್ಚಿದಳು. ಅದೊಂದು ಪವಾಡ. ಪಕ್ಕದಲ್ಲಿ ಅತ್ತೆ ಮೇಜಿನ ಮೇಲಿನ ಆ ಟಾಕನ್ನೇ ನೋಡುತ್ತಿದ್ದರು.

ಆರೋಪ ತಿದ್ದಲು ಸರಕಾರಕ್ಕೆ ಮುಂದಿನ ತಾರೀಖು ಕೊಟ್ಟರು. ತಿದ್ದಿದ ಮೇಲೆ ಅವ್ವನಿಗೆ ಮತ್ತೆ ಓದಿ ಹೇಳಬೇಕು, ಉತ್ತರಕ್ಕೆ ಅವಕಾಶ ಕೊಡಬೇಕು, ಅದು ಕಾಯಿದೆ. ಕಾಯಿದೆಗೆ ನನ್ನ ಹೊಟ್ಟೆ ಕಾಣುತ್ತದೆಯೇ? ದಿನದಿಂದ ದಿನಕ್ಕೆ ನಾನು ಭಾರವಾದೆ. ಅವ್ವ ಲಕ್ಷ್ಮೇಶ್ವರ ಬೆಟಗೇರಿ ಎಂದು ಓಡಾಡಿ ಸೊರಗಿದಳು. ಬಂದಾಗಲೆಲ್ಲ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, "ಇನ್ನೂ ಮ್ಯಾಗ ಐತಿ, ಇನ್ನೂ ಟೈಮ್ ಐತಿ," ಎನ್ನುತ್ತಿದ್ದಳು. ಅವಳ ಧ್ವನಿ ಮಾತ್ರ ಅಷ್ಟು ಗಟ್ಟಿಯಾಗಿರುತ್ತಿರಲಿಲ್ಲ.

ಎರಡನೆಯ ತಾರೀಖಿಗೆ ಆರೋಪ ಬದಲಾಗಿತ್ತು. ಸಂಸ್ಥಾನ ಹೋಗಿತ್ತು, ಹದ್ದು ಹೋಗಿತ್ತು. ಶಿರಹಟ್ಟಿಯ ಕಡೆಯಿಂದ ಗದಗಿನ ಕಡೆಗೆ ಜೋಳದ ರೊಟ್ಟಿ ಸಾಗಿಸಿದಳು, ಅಷ್ಟೇ ಉಳಿದಿತ್ತು. ಓದುತ್ತಿದ್ದಂತೆ ಅವ್ವನ ಮುಖ ಅರಳಿತು. "ಹಾಂ, ಇದು ಖರೆ ನೋಡ್ರಿ. ರೊಟ್ಟಿ ಒಯ್ದೇನಿ," ಎಂದಳು. ಮ್ಯಾಜಿಸ್ಟ್ರೇಟರು ಸರಕಾರಿ ವಕೀಲರಿಗೆ ಕಂಟ್ರೋಲಿನ ಹುಕುಮಿನ ಕಾಗದ ತೋರಿಸಿ, "ಇದರಾಗ ಜೋಳ ಐತಿ, ಜೋಳದ ಹಿಟ್ಟು ಐತಿ. ರೊಟ್ಟಿ ಎಲ್ಲೈತಿ ತೋರಸ್ರಿ," ಎಂದರು. ಅವರು ಹುಡುಕಿದರು, ಹಾಳೆ ಮಗುಚಿದರು, ಮತ್ತೆ ಮಗುಚಿದರು. ರೊಟ್ಟಿ ಸಿಗಲಿಲ್ಲ.

ಅವ್ವನನ್ನು ಬಿಟ್ಟರು. ಗಾಡಿ, ಎತ್ತು, ಮುದ್ದೆಮಾಲು, ಅಂದರೆ ಜಪ್ತಾದ ಬುತ್ತಿ, ಎಲ್ಲ ತಿರುಗಿ ಕೊಡಬೇಕೆಂದು ಹುಕುಮಾಯಿತು. ಬುಟ್ಟಿಗಳು ಬಂದವು. ಖಡಕ್ ರೊಟ್ಟಿ ಒಂದೂ ಮುಕ್ಕಾಗದೆ ಹಾಗೇ ಇದ್ದವು. ಅವ್ವ ಬುಟ್ಟಿಯ ತಳದವರೆಗೆ ಕೈಯಾಡಿಸಿ ತಲೆ ಎತ್ತಿದಳು.

"ಸಾಹೇಬ್ರ, ಶೇಂಗಾ ಹೋಳಿಗಿ ಎಲ್ಲಿ?"

ನಾಕಾದವನು ನೆಲ ನೋಡಿದ. ಮ್ಯಾಜಿಸ್ಟ್ರೇಟರು ಕೆಮ್ಮಿದಂತೆ ಮಾಡಿ ಬಾಯಿಗೆ ರುಮಾಲು ಹಿಡಿದರು. "ಇರಲಿ ಬಿಡ್ರಿ," ಎಂದಳು ಅವ್ವ, "ಕೆಡತಿದ್ದುವು. ತಿಂದದ್ದು ಚಲೋ ಆತು." ಹೊರಗೆ ಬಂದಾಗ ಆ ಮನುಷ್ಯ ಅವಳ ಕಾಲು ಮುಟ್ಟಲು ಬಂದ. "ಏ ಹೋಗೋ ಲೇ, ಮುಂದಿನ ಸಲ ಬೆಣ್ಣಿ ಇಡಂಗಿಲ್ಲ ನಿನಗ," ಎಂದು ತಲೆಯ ಮೇಲೊಂದು ಮೊಟಕಿದಳು.

ಟಾಂಗಾದಲ್ಲಿ ಮನೆಗೆ ಬರುವಾಗ ನನಗೆ ನೆಲ ಕಾಣುತ್ತಿರಲಿಲ್ಲ, ಅಷ್ಟು ಖುಷಿ. ಇಳಿದವಳೇ ನಾನು ಸೀರೆಗಳನ್ನು ಗಂಟು ಕಟ್ಟಿದೆ. ಅವ್ವ ಪಡಸಾಲೆಯಲ್ಲಿ ಕೂತು, "ನಾಳಿನ ಹೊರಡತೀವ್ರಿ ಅಕ್ಕಾರ," ಎಂದಳು.

"ಕೋರ್ಟ್ ಬಿಟ್ಟಿರಬಹುದು," ಎಂದರು ಅತ್ತೆ. "ನಾ ಇನ್ನೂ ಕಳಸ್ತೀನಿ ಅಂದಿಲ್ಲ."

ಗಂಟು ನನ್ನ ಕೈಯಿಂದ ಜಾರಿತು. ಮದುವೆಯಾಗಿ ಬಂದಂದಿನಿಂದ ಅತ್ತೆಯ ಎದುರು ನಾನು ದನಿ ಎತ್ತಿದವಳಲ್ಲ. ಆ ದಿನ ಎಲ್ಲಿಂದ ಬಂತೋ ಸಿಟ್ಟು! "ಯಾಕ್ರಿ?" ಎಂದೆ. "ಸರಕಾರ ಬಿಟ್ಟಿತು, ನೀವ್ಯಾಕ ಬಿಡವಲ್ರಿ? ನಮ್ಮವ್ವ ಏನ್ ಮಾಡ್ಯಾಳ? ಏನ್ ಮಾಡ್ಯಾಳ, ಎಲ್ಲಿ ಮಾಡ್ಯಾಳ, ಹೇಳ್ರಿ ನೋಡೂಣು. ಹೇಳದ ಶಿಕ್ಷಾ ಕೊಡಾಕ ಆ ಸಾಹೇಬನ ಕೈಲೂ ಆಗಲಿಲ್ಲ. ನಿಮಗ ಹೆಂಗ ಆಗತೈತಿ?"

ಯಜಮಾನರು ಹೊರಗಿನ ಕಟ್ಟೆಯಿಂದ ಇಣುಕಿ, ಹಾಗೇ ಹಿಂದೆ ಸರಿದರು. ಈಗ ಮನೆಯಿಂದ ಹೊರಗೆ ಹಾಕುತ್ತಾರೆ ಎಂದುಕೊಂಡೆ. ಅತ್ತೆ ಹಾಕಲಿಲ್ಲ. ಕಂಬಕ್ಕೆ ಒರಗಿ ಕೂತರು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದರು. ಅವರು ಮಾತಾಡಿದಾಗ ಆ ಧ್ವನಿ ನನ್ನ ಅತ್ತೆಯದೇ ಎನ್ನಿಸಲಿಲ್ಲ.

"ಮದುವ್ಯಾಗ ಭೂಮದ ಊಟ ನೆನಪೈತೇನ್ರಿ ಬೀಗತಿ?"

ಭೂಮ ಎಂದರೆ ಹೆಣ್ಣಿನ ತಾಯಿ, ಗಂಡಿನ ತಾಯಿ ಒಂದೇ ಪರಾತದಲ್ಲಿ, ಅಂದರೆ ಅಗಲವಾದ ದೊಡ್ಡ ತಟ್ಟೆಯಲ್ಲಿ, ಕೈಯಿಟ್ಟು ಉಣ್ಣುವುದು. ಆಮೇಲೆಯೇ ಅವರು ನಿಜವಾದ ಬೀಗತಿಯರು.

"ನಾ ಹಿತ್ತಲದಾಗ ಕೈಕಾಲ ತೊಳಕೊಳ್ಳಾಕ ಹೋಗಿದ್ದೆ. ಬರೂದ್ರೊಳಗ ನನ್ನ ಜಾಗಾದಾಗ ನನ್ನ ನೆಗೆಣ್ಣಿನ್ನ, ಮೈದುನನ ಹೇಂತಿನ್ನ, ಕುಂಡ್ರಿಸಿಕೊಂಡು ಉಣ್ಣಾಕತ್ತಿದ್ರಿ. ನಾ ಬಾಗಲದಾಗ ನಿಂತಿದ್ದೆ. ಯಾರೂ ನೋಡ್ಲಿಲ್ಲ. ಮಗನ ಮದುವ್ಯಾಗ ನಾ ಭೂಮ ಉಂಡಿಲ್ಲ. ಯಾರ ಮುಂದೂ ಹೇಳಿಲ್ಲ." ಅತ್ತೆಯ ಕಣ್ಣು ತುಂಬಿದ್ದವು. "ಅವತ್ತು ಕೋರ್ಟಿನ್ಯಾಗ ಆ ಸಾಹೇಬ ಟಾಕ ಕೆಳಗಿಟ್ಟಾಗ ನನಗ ಅನ್ನಿಸ್ತು. ಗುನ್ಹೇ ಗುನ್ಹೇ ಅಂತ ನಾನೂ ಸುಳ್ಳ ಆರೋಪನ ಓದಾಕತ್ತೀನಿ ಅಂತ. ಖರೇದ್ದು ಹೇಳಾಕ ಬಾಯಿ ಬರಲಿಲ್ಲ."

ನನಗೆ ಆ ದಿನ ಚೆನ್ನಾಗಿ ನೆನಪಿತ್ತು. ಆಕಾಶ ಕರಿಗಟ್ಟಿ, ಚಪ್ಪರ ಹಾರುವ ಹಾಗೆ ಗಾಳಿ ಎದ್ದಿತ್ತು. ಮಳೆ ಬರುವುದರೊಳಗೆ ಊಟ ಮುಗಿಯಲೆಂದು ಅವ್ವ ಅವಸರ ಮಾಡಿದ್ದಳು, ಎದುರಿಗೆ ಸಿಕ್ಕವರನ್ನು ಕೂರಿಸಿದ್ದಳು. "ಅವತ್ತು ಮಳಿ..." ಎಂದು ನಾನು ಬಾಯಿ ತೆರೆದೆ. ಅವ್ವ ನನ್ನ ಕಡೆ ನೋಡದೆಯೇ ಕೈ ಅಡ್ಡ ಹಿಡಿದಳು.

ಅವಳು ಎದ್ದು ಹೋಗಿ ಅತ್ತೆಯ ಎದುರು ನೆಲದ ಮೇಲೆ ಕೂತಳು. ಇಡೀ ಬೆಟಗೇರಿ ಒಪ್ಪಿಕೋ ಎಂದರೂ ಒಪ್ಪದವಳು ಎರಡೂ ಕೈ ಜೋಡಿಸಿದಳು.

"ಖರೆ ಐತ್ರಿ ಅಕ್ಕಾರ. ಮಾಡೇನಿ. ತಪ್ಪಾತು."

ಮಳೆ, ಗಾಳಿ, ಅವಸರ ಯಾವುದನ್ನೂ ಹೇಳಲಿಲ್ಲ. ಅತ್ತೆ ಆ ಜೋಡಿಸಿದ ಕೈಗಳನ್ನು ನೋಡಿದರು. ಆಮೇಲೆ ಎದ್ದು ಒಳಗೆ ಹೋಗಿ, ಅಟ್ಟದಿಂದ ದೊಡ್ಡ ಹಿತ್ತಾಳೆಯ ಪರಾತ ಇಳಿಸಿ ತಂದು ಪಡಸಾಲೆಯ ನಡುವೆ ಇಟ್ಟರು. ಕೋರ್ಟಿನಿಂದ ಬಂದ ರೊಟ್ಟಿಗಳನ್ನು ಮುರಿದು ಹಾಕಿ, ಮೇಲೆ ಬಿಸಿ ಸಾರು ಸುರಿದರು. ಇಬ್ಬರೂ ಎದುರುಬದುರು ಕೂತು ಒಂದೇ ಪರಾತದಲ್ಲಿ ಕೈಯಿಟ್ಟರು. ಮೊದಲ ತುತ್ತನ್ನು ಅತ್ತೆಯ ಬಾಯಿಗೆ ಅವ್ವ ಇಟ್ಟಳು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅಳುತ್ತಾ ನಗುತ್ತಿದ್ದೆ, ನಗುತ್ತಾ ಅಳುತ್ತಿದ್ದೆ. ಹೊಟ್ಟೆಯಲ್ಲಿನದು ಒದೆಯುತ್ತಿತ್ತು.

ಮರುದಿನ ಗಾಡಿ ಹೂಡಿದರು. ಗಾಡಿಯಲ್ಲಿ ಹುಲ್ಲಿನ ಮೇಲೆ ಕೌದಿ ಹಾಸಿ, ನನ್ನ ಬೆನ್ನಿಗೆ ದಿಂಬು ಕೊಟ್ಟವರು ಅತ್ತೆ. ಚೂರು ಬೆಣ್ಣೆ ಇಟ್ಟ ರೊಟ್ಟಿಯೊಂದನ್ನು ಬಟ್ಟೆಯಲ್ಲಿ ಕಟ್ಟಿ ಅವ್ವನ ಕೈಗಿತ್ತು, "ಆ ಕಲ್ಲಿಗೆ ಇದನ್ನ ಇಡ್ರಿ. ಇದು ನಮ್ಮ ಮನಿದು," ಎಂದರು.

ಗಾಡಿ ಊರು ಬಿಟ್ಟ ಮೇಲೆ ನಾನು ಅವ್ವನ ತೊಡೆಯ ಮೇಲೆ ತಲೆಯಿಟ್ಟು ಕೇಳಿದೆ. "ಅಲ್ಲಬೇ, ಕೋರ್ಟಿನ್ಯಾಗ ಅಷ್ಟು ಹಟಾ ಮಾಡಿದಿ. ಇಲ್ಲಿ ಒಂದ ಮಾತಿಗೆ ಒಪ್ಪಿದಿಯಲ್ಲ? ಮಳಿ ಬರಾಕತ್ತಿತ್ತು ಅಂತರ ಅನ್ನಬೇಕಿತ್ತಿಲ್ಲ?"

ಅವ್ವ ನನ್ನ ಹಣೆಯ ಮೇಲಿನ ಕೂದಲು ಸರಿಸಿದಳು.

"ಅಲ್ಲಿ ಅವರು ಹೇಳಿದ್ದು ನಾ ಮಾಡಿರಲಿಲ್ಲ. ಇಲ್ಲಿ ಅಕಿ ಹೇಳಿದ್ದು ಮಾಡಿದ್ದೆ. ಅಕಿ ಹೇಳೂತನಕ ನನಗ ಗೊತ್ತ ಇರಲಿಲ್ಲ ನೋಡು," ಎಂದಳು. ಆಮೇಲೆ ಗಾಡಿಯವನಿಗೆ ಕೂಗಿ ಹೇಳಿದಳು: "ಏ ತಮ್ಮಾ, ಹದ್ದಿನ ಕಲ್ಲು ಬಂದ್ರ ಗಾಡಿ ನಿಂದ್ರಸು."